ಇಳಿಜಾರಿನಲ್ಲಿ ವೆಂಡೆಲ್ ಮಾಸ್ತರ ಪಾಠ

"ಈ ಬ್ರೇಕು ಯಾಕಪ್ಪಾ ಹಿಡೀಲಿಲ್ಲ?" ಬೈಕಿನ ಸಮೇತ ಪೊದೆಯೊಳಗೆ ಬಿದ್ದಿದ್ದ ವೆಂಡೆಲ್ ಆಕಾಶ ನೋಡುತ್ತ ತನ್ನಷ್ಟಕ್ಕೆ ಕೇಳಿಕೊಂಡ.

ಅಮೆರಿಕದ ಯೂಟಾದ ಆ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಬೈಕ್ ನಿಲ್ಲಿಸುವ ವಿದ್ಯೆಯನ್ನು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದವನು ಅವನೇ. "ಹಿಂದಿನ ಚಕ್ರ ತಿರುಗದೆ ಕಚ್ಚಿಕೊಂಡರೇನೇ ಇಲ್ಲಿ ಬೈಕ್ ನಿಲ್ಲೋದು. ಚಕ್ರ ಹಾಗೆ ಕಚ್ಚೋಕೆ ಬಿಡದ ಎಬಿಎಸ್ ಬ್ರೇಕ್ ವ್ಯವಸ್ಥೆನ ಮೊದಲು ಆಫ್ ಮಾಡಿ. ಎಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅದು ತಾನೇ ಮತ್ತೆ ಆನ್ ಆಗಿ ಕೂರುತ್ತೆ, ಜೋಕೆ!" ಎಂದು ಈಗಷ್ಟೇ ಮೇಲೆ ನಿಂತು ಶಿಷ್ಯರಿಗೆ ಪದ್ಯ ಓದಿದಂತೆ ರಾಗವಾಗಿ ಹೇಳಿದ್ದ. ಆ ಉಪದೇಶ ಎಲ್ಲರಿಗೂ ಕೇಳಿಸಲೆಂದೇ ಎಂಜಿನ್ ನಿಲ್ಲಿಸಿದ್ದ. ಆಮೇಲೆ ಶುರು ಮಾಡಿ ಹಾಗೇ ಇಳಿದಿದ್ದ.

ಶಿಷ್ಯೆ ಇಂಗ್ರಿಡ್ ಓಡಿಬಂದಳು. "ಮಾಸ್ತರೇ, ಎಬಿಎಸ್ಸನ್ನ ನೀವೇ ಆಫ್ ಮಾಡಿಲ್ವಲ್ರೀ!"

"ಮೆತ್ತಗೆ ಮಾತಾಡು ತಾಯೀ. ಗೊತ್ತಾದರೆ ನಾಳೆಯಿಂದ ನನ್ನ ಪಾಠ ಯಾರು ಕೇಳ್ತಾರೆ? ಜಿಂಕೆ ಅಡ್ಡ ಬಂತು ಅಂತ ಮೇಲಿರೋರಿಗೆ ಹೇಳಿಬಿಡು."

"ಜಿಂಕೆ ಕತೆ ಹೇಳಲ್ಲ. ಅವರೂ ಈಗ ಇಲ್ಲೇ ಇಳೀಬೇಕು."