ಬಸ್ಸಿನ ಕಡೆಯವರು

ಕಿರಂಗೂರಿನ ಚಲುವಮ್ಮನಿಗೆ ಅರವತ್ತೆಂಟು ದಾಟಿತ್ತು. ಮಗ ನಿಂಗರಾಜು, ಸೊಸೆ ಸಹನ, ಮೊಮ್ಮಗಳು ಚಿನ್ನು, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು; ಮನೆ ತುಂಬಿಕೊಂಡೇ ಇತ್ತು. ಯಾರೂ ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಕೈಗೆ ಬಿ.ಪಿ. ಮಾತ್ರೆ ಬರುತ್ತಿತ್ತು. ಆದರೆ ಸಹನ ಕಸ ಗುಡಿಸುವಾಗ ಮಂಚದ ಕಾಲಿನ ಸುತ್ತ ಗುಡಿಸಿದ ಹಾಗೇ ಅತ್ತೆಯ ಕಾಲಿನ ಸುತ್ತಲೂ ಗುಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ಚಿನ್ನು ಸ್ಕೂಲಿನಿಂದ ಬಂದವಳೇ ಬ್ಯಾಗನ್ನು ಅಜ್ಜಿಯ ತೊಡೆಯ ಮೇಲೆ ಇಳಿಸಿ, ಮುಖ ನೋಡದೆ ಒಳಗೆ ಓಡುತ್ತಿದ್ದಳು.

ಒಂದು ದಿನ ಮೂವರೂ ಬಟ್ಟೆ ತರಲು ಪಾಂಡವಪುರಕ್ಕೆ ಹೊರಟು, ಜಗಲಿಯ ಮೇಲೆ ಕೂತಿದ್ದ ಚಲುವಮ್ಮನನ್ನು ಒಳಗೇ ಬಿಟ್ಟು ಗೇಟಿಗೆ ಬೀಗ ಜಡಿದುಕೊಂಡು ಹೋದರು. ಸಂಜೆ ಬಂದ ನಿಂಗರಾಜು ಬೆಪ್ಪಾಗಿ ನಿಂತ.

"ಅಯ್ಯೋ, ಇಲ್ಲೇ ಇದ್ದೇನವ್ವ ನೀನು?"

"ಇನ್ನೆಲ್ಲಿಗ್ಲಾ ಓಗ್ಲಿ, ಗೇಟು ಆರ್ಕೊಂಡು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಲುವಮ್ಮನೂ ನಕ್ಕಳು. ನಗು ನಿಂತ ಮೇಲೆ ಅವಳಿಗೆ ಅನ್ನಿಸಿತು: ಬೀಗ ಹಾಕುವಾಗ ಚಿನ್ನು ತನ್ನ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದಳಲ್ಲ, ಆ ಮಗುವಿನ ಕಣ್ಣಿಗೆ ತಾನು ಬೀಳಲೇ ಇಲ್ಲವೇ?

ಆ ವಾರದಿಂದ ಅವಳು ಬಸ್ಸು ಹತ್ತತೊಡಗಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ. ಬೆಳಗಿನ ಕೆಲಸ ಮುಗಿದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿ, ಅಲ್ಲಿಂದ ಪಾಲಹಳ್ಳಿ, ಬೆಳಗೊಳದ ಮೇಲೆ ಕೆ.ಆರ್.ಎಸ್.ಗೆ ಹೋಗುವ ಸಿಟಿ ಬಸ್ಸಿನಲ್ಲಿ ಕೂತು, ಅದೇ ಬಸ್ಸಿನಲ್ಲಿ ಹಿಂದಕ್ಕೆ ಬರುತ್ತಿದ್ದಳು. ಕಂಡಕ್ಟರು ತಲೆಯೆತ್ತದೆ ಟಿಕೆಟ್ಟು ಹರಿದು ಅವಳ ಕೈಯಿದ್ದ ದಿಕ್ಕಿಗೆ ಚಾಚುತ್ತಿದ್ದ. ಎಡಗಡೆಯ ಮೂರನೇ ಸೀಟಿನ ಕಿಟಕಿ ಅವಳ ಜಾಗ. ಆದರೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದದ್ದು ಕಡಮೆ. ಗದ್ದೆ, ನಾಲೆಗಳನ್ನು ಹುಟ್ಟಿದಾಗಿನಿಂದ ನೋಡಿದ್ದಾಳೆ. ನೋಡುವುದಕ್ಕೆ ಜನ ಬೇಕಿತ್ತು.

ಜನಕ್ಕೇನು ಬರವೇ? ನರ್ಸಿಂಗ್ ಓದುವ ಹುಡುಗಿಯೊಬ್ಬಳು ದಿನಾ ಬೆರಳು ಮಡಿಸಿಕೊಂಡು ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಹನ್ನೊಂದನೆಯದಕ್ಕೆ ತಪ್ಪದೆ ಮರೆಯುತ್ತಿದ್ದಳು. ಒಬ್ಬ ಗಂಡಸು ಕೈಚೀಲದಲ್ಲಿ ಕೋಳಿ ಮುಚ್ಚಿಟ್ಟುಕೊಂಡು ಬಂದು, ಅದು ಕೊಕ್ಕೊಕ್ ಅಂದಾಗಲೆಲ್ಲ ತಾನು ಕೆಮ್ಮುತ್ತಿದ್ದ. ಒಂದು ಹುಡುಗ, ಒಂದು ಹುಡುಗಿ ಬೇರೆ ಬೇರೆ ಬಾಗಿಲಲ್ಲಿ ಹತ್ತಿ, ಒಬ್ಬರನ್ನೊಬ್ಬರು ಕಂಡೇ ಇಲ್ಲದವರ ಹಾಗೆ ಕೂತು, ಪಾಲಹಳ್ಳಿಯಲ್ಲಿ ಒಟ್ಟಿಗೇ ಇಳಿಯುತ್ತಿದ್ದರು. ಅವರ ಮದುವೆಗೆ ಚಲುವಮ್ಮ ಮನಸ್ಸಿನಲ್ಲೇ ಎರಡು ಸಲ ಚಪ್ಪರ ಹಾಕಿಸಿ ಆಗಿತ್ತು.

ಅವಳಿಗೆ ಕದ್ದು ನೋಡುವ ಕಷ್ಟವಿರಲಿಲ್ಲ. ಎವೆಯಿಕ್ಕದೆ ನೋಡಿದರೂ ಯಾರೂ 'ಏನಮ್ಮ?' ಅನ್ನುತ್ತಿರಲಿಲ್ಲ. ಮೊದಮೊದಲು ಇದು ಮಜವಾಗಿಯೇ ಇತ್ತು. ಆಮೇಲಾಮೇಲೆ, ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನ ಮುಖ ನೋಡಿ ಒಂದು ಮಾತಾಡಿಸಲಿ ಎಂದು ಒಳಗೊಳಗೇ ಆಸೆ ಹುಟ್ಟಿತು. ಬೈದರೂ ಸರಿ.

ಹೀಗಿರುವಾಗ ಒಂದು ಬುಧವಾರ ಪಟ್ಟಣದ ಸ್ಟ್ಯಾಂಡಿನಲ್ಲಿ ಹದಿನೈದು ಹದಿನಾರು ಜನ ಹೆಂಗಸರು ಒಟ್ಟಿಗೇ ಬಸ್ಸಿಗೆ ನುಗ್ಗಿದರು. ಎಲ್ಲರಿಗೂ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಬಸ್ಸು ಮದುವೆ ಮನೆಯ ಹಾಗೆ ಘಮ್ಮೆಂದಿತು. ಕೆ.ಆರ್. ಪೇಟೆ ಕಡೆಯವರು, ಬೆಳಗೊಳಕ್ಕೆ ಬೀಗರೂಟಕ್ಕೆ ಹೊರಟವರು ಎಂಬುದು ಅವರ ಮಾತಿನಿಂದಲೇ ಗೊತ್ತಾಯಿತು. ಮದುವೆ ಆದ ಮೇಲೆ ಗಂಡಿನವರು ಹೆಣ್ಣಿನವರನ್ನು ಕರೆದು ಹಾಕುವ ಬಾಡೂಟವೆಂದರೆ ಈ ಸೀಮೆಯಲ್ಲಿ ಮದುವೆಗಿಂತ ಒಂದು ತೂಕ ಹೆಚ್ಚು.

"ಗಂಡಸ್ರು ಟೆಂಪೋ ಮಾಡ್ಕೊಂಡು ಜಮ್ಮಂತ ಓದ್ರು. ನಮ್ಗೆ ಮಾತ್ರ ಫ್ರೀ ಬಸ್ಸು!" ಅಂದಳು ಒಬ್ಬಳು.

"ಬುಡಕ್ಕ, ಅವ್ರು ದಾರೀಲಿ ಟೀ ಕುಡ್ಕೊಂಡು ಬರೋ ಒತ್ಗೆ ನಾವು ಚಾಪ್ಸು ಮುಗ್ಸಿರ್ತೀವಿ."

ಚಲುವಮ್ಮನ ಪಕ್ಕ, ಹಿಂದೆ, ಮುಂದೆ ಎಲ್ಲ ಅವರೇ ಕೂತರು. ಅವಳು ಮಲ್ಲಿಗೆಯ ನಡುವೆ ಮುಳುಗಿಹೋದಳು.

ಬೆಳಗೊಳದಲ್ಲಿ ಬಸ್ಸು ನಿಂತಾಗ ಒಂದು ಅನಾಹುತವಾಯಿತು. ಹೆಂಗಸರ ದಂಡಿಗೆ ಇಳಿಯಲು ಜಾಗ ಬಿಡೋಣವೆಂದು ಚಲುವಮ್ಮ ಎದ್ದು ನಿಂತಳು. ಹಿಂದಿನವರ ನೂಕಿಗೆ ಬಾಗಿಲ ತನಕ ತೇಲಿಕೊಂಡು ಬಂದಳು. ಕೆಳಗೆ ಹೊಸ ಬಿಳಿ ಪಂಚೆ ಉಟ್ಟ ಯುವಕನೊಬ್ಬ ಎರಡೂ ಕೈ ಚಾಚಿ ನಿಂತಿದ್ದ. ಅವನು ಗಂಡಿನ ತಮ್ಮ ಶಂಕರ. ಬೀಗರನ್ನು ಎದುರುಗೊಳ್ಳಲು ಅವನನ್ನು ಸ್ಟಾಪಿಗೆ ಅಟ್ಟಿದ್ದರು.

"ಬನ್ನಿ ಅಜ್ಜಮ್ಮ ಬನ್ನಿ, ನಿಧಾನಕ್ಕೆ. ಮೆಟ್ಲು ನೋಡ್ಕೊಳಿ. ಪ್ರಯಾಣ ಸುಖವಾಗಾಯ್ತಾ?"

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಕೈ ಹಿಡಿದುಕೊಂಡಿದ್ದ. 'ನಾನಲ್ಲಪ್ಪ' ಅನ್ನಲು ಚಲುವಮ್ಮ ಬಾಯಿ ತೆರೆದಳು. ಬಾಯಿಂದ ಬಂದದ್ದು ಮಾತ್ರ, "ಊ ಕಣಪ್ಪ, ಸುಖವಾಗಾಯ್ತು."

ಬಸ್ಸು ಹೊರಟುಹೋಯಿತು.

ಶಾಮಿಯಾನದ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಕುಡಿಯಲು ಪಾನಕ ಕೊಟ್ಟರು. ಗಂಡಿನವರ ಕಣ್ಣಿಗೆ ಅವಳು ಹೆಣ್ಣಿನ ಕಡೆಯ ಹಿರಿಯಳು. ಬಸ್ಸಿಂದ ಎಲ್ಲರಿಗಿಂತ ಮೊದಲು ಇಳಿದವಳಲ್ಲವೇ? ಹೆಣ್ಣಿನವರ ಕಣ್ಣಿಗೆ ಅವಳು ಗಂಡಿನ ಕಡೆಯ ಹಿರಿಯಳು. ಇಲ್ಲದಿದ್ದರೆ ಗಂಡಿನ ತಮ್ಮ ಹಾಗೆ ಕೈ ಹಿಡಿದು ಕರೆತರುತ್ತಿದ್ದನೇ? ಎರಡು ಕಡೆಯವರೂ ಪೈಪೋಟಿಯ ಮೇಲೆ ನಮಸ್ಕಾರ ಹೊಡೆದರು. ಮದುಮಗಳು ರಂಜಿತ ಬಂದು ಕಾಲಿಗೆ ಬಿದ್ದಳು. ಚಲುವಮ್ಮ ಅವಳ ತಲೆ ಮುಟ್ಟಿ, "ನೂರ್ಕಾಲ ಬಾಳವ್ವ" ಎಂದಳು. ಆ ಮಾತಿನಲ್ಲಾದರೂ ಸುಳ್ಳಿರಲಿಲ್ಲ. ಸಿಕ್ಕಿಬಿದ್ದರೆ ಏನು ಗತಿ? ಕರೆಯದ ಊಟಕ್ಕೆ ಬಂದವಳು ಎಂದು ಇಷ್ಟು ಜನರ ಮುಂದೆ ಎಬ್ಬಿಸಿ ಕಳಿಸಿದರೆ, ನೆಟ್ಟಗೆ ಹೋಗಿ ನಾಲೆಗೆ ಬೀಳುವುದೇ ಸೈ. ಎದ್ದು ಹೋಗೋಣವೆಂದು ಎರಡು ಸಲ ಅನ್ನಿಸಿತು. ಎರಡು ಸಲವೂ ಯಾರಾದರೊಬ್ಬರು, "ಅಜ್ಜಮ್ಮ, ಫ್ಯಾನು ಈ ಕಡೆ ತಿರುಗಿಸ್ಲಾ?" ಅಂದುಬಿಟ್ಟರು. ಹೀಗೆ ಕೇಳುವವರನ್ನು ಬಿಟ್ಟು ಏಳುವುದು ಹೇಗೆ?

ಮೊದಲ ಪಂಕ್ತಿ ಬೀಗರಿಗೆ. ನಟ್ಟನಡುವೆ ಚಲುವಮ್ಮನನ್ನು ಕೂರಿಸಿದರು. ಎಲೆಗೆ ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ಚಾಪ್ಸ್ ಬಂತು. ಅಡುಗೆಯ ಕರಿಯಯ್ಯ ತಾನೇ ಸೌಟು ಹಿಡಿದು ಬಂದು, "ಅವ್ವಾರಿಗೆ ಮೆತ್ತನೆ ಪೀಸು ಆಕ್ಲಾ!" ಎಂದು ಬಡಿಸುವವನನ್ನು ಗದರಿದ.

ಕೈ ಹಾಕಬೇಕು, ಅಷ್ಟರಲ್ಲಿ ಚಲುವಮ್ಮನ ಕಣ್ಣು ತನ್ನ ಅಭ್ಯಾಸದಂತೆ ಸುತ್ತ ಓಡಿತು. ಶಾಮಿಯಾನದ ಮೂಲೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹೊಸ ಸೀರೆಯನ್ನೇ ಉಟ್ಟಿದ್ದಳು. ಅವಳ ಕುರ್ಚಿಯ ಬೆನ್ನಿಗೆ ನಾಲ್ಕು ವ್ಯಾನಿಟಿ ಬ್ಯಾಗು ನೇತುಬಿದ್ದಿದ್ದವು. ತೊಡೆಯ ಮೇಲೆ ಯಾರದೋ ಮಗು ನಿದ್ದೆ ಮಾಡುತ್ತಿತ್ತು. ಹೋಗಿ ಬರುವವರೆಲ್ಲ ಗೂಟಕ್ಕೆ ತೂಗುಹಾಕುವ ಹಾಗೆ ಅವಳ ಮೇಲೆ ಏನಾದರೂ ಇಟ್ಟು ಹೋಗುತ್ತಿದ್ದರು. ಮುಖ ಮಾತ್ರ ಯಾರೂ ನೋಡುತ್ತಿರಲಿಲ್ಲ.

"ಅವರ್ಯಾರಪ್ಪ?" ಎಂದು ಶಂಕರನನ್ನು ಕೇಳಿದಳು.

"ಅವ್ರಾ? ನಮ್ಮಜ್ಜಿ, ದೊಡ್ಡತಾಯಮ್ಮ."

"ಉಂಡ್ರಾ?"

ಶಂಕರ ತಡವರಿಸಿದ. "ಉಂಡಿರ್ಬೇಕು... ಲೇ, ಅಜ್ಜಿ ಉಂಡ್ತೇನ್ಲಾ?" ಎಂದು ಆಚೆಯವನನ್ನು ಕೇಳಿದ. ಆಚೆಯವನು ಅವನಾಚೆಯವನನ್ನು ಕೇಳಿದ. ಪ್ರಶ್ನೆ ಶಾಮಿಯಾನವೆಲ್ಲ ಸುತ್ತಿ ಉತ್ತರವಿಲ್ಲದೆ ಹಿಂದಕ್ಕೆ ಬಂತು.

ಬೀಗರೂಟದಲ್ಲಿ ಬೀಗತಿಯ ಮಾತಿಗೆ ಎದುರಿಲ್ಲ. ಆ ಅಧಿಕಾರ ತನ್ನದಲ್ಲವೆಂದು ಚಲುವಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು: "ಅವ್ರು ಬಂದು ನನ್ ಪಕ್ಕದಲ್ಲಿ ಕೂತ್ಕೊಳೋಗಂಟ ನಾನು ಎಲೆಗೆ ಕೈ ಆಕಾಕಿಲ್ಲ."

ಗಂಡಿನ ಮನೆಯಲ್ಲಿ ಗುಲ್ಲೆದ್ದಿತು. ಒಬ್ಬ ಮಗುವನ್ನು ಎತ್ತಿಕೊಂಡ, ಇನ್ನೊಬ್ಬ ಬ್ಯಾಗುಗಳನ್ನು ಕಿತ್ತ. ಕರಿಯಯ್ಯ ಹೊಸ ಎಲೆ ತಂದ. ದೊಡ್ಡತಾಯಮ್ಮನನ್ನು ಕೈ ಹಿಡಿದು ಕರೆತಂದು ಚಲುವಮ್ಮನ ಪಕ್ಕ ಕೂರಿಸಿದರು. ಮೆತ್ತನೆಯ ಪೀಸು ಈಗ ಎರಡೆಲೆಗೂ ಬಂತು.

ದೊಡ್ಡತಾಯಮ್ಮ ಒಂದು ತುತ್ತು ಮುದ್ದೆ ಮುರಿದಳು. ಗೊಜ್ಜಿನಲ್ಲಿ ಅದ್ದಿದಳು. ನುಂಗಿದ ಮೇಲೆ ಬಗ್ಗಿ, ಚಲುವಮ್ಮನ ಕಿವಿಯ ಹತ್ತಿರ ಮೆಲ್ಲಗೆ ಅಂದಳು: "ನೀವು ಬೀಗ್ತಿ ಅಲ್ಲ ಅಂತ ನಂಗೊತ್ತು ಕಣವ್ವ."

ಚಲುವಮ್ಮನ ತುತ್ತು ಅಂಗೈಯಲ್ಲೇ ಉಳಿಯಿತು.

ಆಗಲೇ ಟೆಂಪೋದಲ್ಲಿ ಬಂದ ಗಂಡಸರು ಒಳಗೆ ಕಾಲಿಟ್ಟರು. ಮುಂದೆ ಇದ್ದವನು ರಂಗಸ್ವಾಮಿ, ಮದುಮಗಳ ಸೋದರಮಾವ. ಪಂಕ್ತಿಯ ನಡುವೆ ಕೂತವಳನ್ನು ನೋಡಿ ಅವನು ಕೈ ಮುಗಿದ. "ಗುರುತು ಅತ್ನಿಲ್ವಲ್ಲ ಅಜ್ಜಮ್ಮ? ನೀವು ಗಂಡಿನ ಕಡೆಯೋರಾ?"

"ಇಲ್ಲ ಮಾವ, ಅವ್ರು ನಿಮ್ ಕಡೆಯೋರು" ಎಂದ ಶಂಕರ.

"ನಮ್ ಕಡೆಯೋರಾ? ಯಾರಪ್ಪ?"

ಬಡಿಸುವವರು ನಿಂತರು. ಎಲೆಯ ಮುಂದೆ ಕೂತವರೆಲ್ಲ ತಿರುಗಿ ಚಲುವಮ್ಮನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಇಷ್ಟು ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದು ಅವಳಿಗೆ ನೆನಪಿಲ್ಲ. ಬಹುಶಃ ಅವಳ ಮದುವೆಯಲ್ಲಿ. ಸುಳ್ಳು ಹೇಳೋಣವೆಂದರೆ ನಾಲಗೆ ಏಳಲಿಲ್ಲ. ತುತ್ತನ್ನು ಎಲೆಯ ಮೇಲಿಟ್ಟು ಎದ್ದು ನಿಂತಳು.

"ನಾನು ಯಾರ ಕಡೆಯೋಳೂ ಅಲ್ಲ ಕಣಪ್ಪ. ಕಿರಂಗೂರೋಳು, ಚಲುವಮ್ಮ ಅಂತ. ಬಸ್ಸಲ್ಲಿ ಸುಮ್ಕೆ ಕೂತಿದ್ದೆ. ಈ ಮಗ ಕೈ ಇಡ್ಕೊಂಡು, ಬನ್ನಿ ಅಜ್ಜಮ್ಮ ಅಂದ. ನನ್ನ ಅಂಗೆ ಯಾರೂ ಕರ್ದಿರ್ನಿಲ್ಲ. ಬಂದ್ಬುಟ್ಟೆ. ತಪ್ಪಾಯ್ತು."

ಶಂಕರನ ಕಿವಿ ಕೆಂಪಾಯಿತು. ಆಗ ದೊಡ್ಡತಾಯಮ್ಮ ಚಲುವಮ್ಮನ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

"ಕೂತ್ಕೊಳವ್ವ, ಎಲೆ ಮುಂದಿಂದ ಏಳಬಾರ್ದು. ಏ ರಂಗಸ್ವಾಮಿ, ಇವ್ರು ನನ್ ಕಡೆಯೋರು ಕಣಪ್ಪ."

"ನಿಮ್ ಕಡೆ ಅಂದ್ರೆ ಗಂಡಿನ ಕಡೇನೇ ಆಯ್ತಲ್ಲವ್ವ?"

"ಗಂಡಿನ ಕಡೆ ಇವ್ರುದು. ಎಣ್ಣಿನ ಕಡೆ ನಿಮ್ಮೋರದು. ನಮ್ಮಿಬ್ರುದು ಬಸ್ಸಿನ ಕಡೆ! ಅದ್ಕೆ ಬ್ಯಾರೆ ಲಗ್ನಪತ್ರಿಕೆ ಆಕಿಸ್ಬೇಕೇನು?"

ಮೊದಲು ನಕ್ಕವನು ಕರಿಯಯ್ಯ. ಸೌಟು ಪಾತ್ರೆಯೊಳಗೆ ಬೀಳುವಷ್ಟು ನಕ್ಕ. ಆಮೇಲೆ ಹೆಂಗಸರು, ಆಮೇಲೆ ಇಡೀ ಪಂಕ್ತಿ. ರಂಗಸ್ವಾಮಿ ಕಣ್ಣೊರೆಸಿಕೊಂಡು, "ಅಂಗಾದ್ರೆ ಬಸ್ಸಿನ ಕಡೆಯೋರ್ಗೆ ಇನ್ನೆರಡು ಚಾಪ್ಸ್ ಆಕ್ರಪ್ಪ, ಮರ್ಯಾದೆ ಕಮ್ಮಿ ಆಗ್ಬಾರ್ದು!" ಎಂದು ಕೂಗಿದ. ಚಲುವಮ್ಮನಿಗೆ ಆಗ ಹಸಿವು ತಿಳಿಯಿತು. ಎರಡು ಮುದ್ದೆ ಉಂಡಳು.

ಊಟವಾಗಿ ಎಲೆಯಡಿಕೆ ಮೆಲ್ಲುತ್ತ ಕೂತಾಗ ಅವಳು ಕೇಳಿದಳು. "ನಾನು ಬೀಗ್ತಿ ಅಲ್ಲ ಅಂತ ನಿಮ್ಗೆಂಗೆ ಗೊತ್ತಾಯ್ತವ್ವ?"

"ನಿಮ್ಮನ್ನ ಮೂರು ತಿಂಗ್ಳಿಂದ ನೋಡ್ತಾ ಇವ್ನಿ" ಎಂದಳು ದೊಡ್ಡತಾಯಮ್ಮ. "ಎಡಗಡೆ ಮೂರ್ನೇ ಸೀಟು. ಸೋಮವಾರ ಹಸಿರು ಸೀರೆ. ಒಂದೊಂದ್ಸಲ ಯಾರ್ನೋ ನೋಡ್ಕೊಂಡು ಒಬ್ಬೊಬ್ರೇ ನಗ್ತೀರ. ರಿಟೈರಾದ ಮೇಷ್ಟ್ರ ಎಂಡ್ರು ಅಂತ ಮಾಡ್ಕೊಂಡಿದ್ದೆ. ಮೇಷ್ಟ್ರು ಮನೇಲಿ ಬಲೇ ಜೋರು, ಅದ್ಕೆ ಬಸ್ಸಿಗೆ ಬಂದು ನಗ್ತಾರೆ ಅಂತ."

"ನೀವೂ ಅದೇ ಬಸ್ಸಿಗೆ ಬತ್ತೀರಾ?"

"ದಿನಾ! ಇಲ್ಲಿ ಅತ್ತಿ, ಕೊನೇ ಸೀಟಲ್ಲಿ ಕೂತ್ಕೊಂಡು ಪಟ್ಣಕ್ಕೆ ಓಗಿ ಬತ್ತೀನಿ. ಮನೇಲಿ ಯಾರ್ಗೂ ಗೊತ್ತೇ ಇಲ್ಲ, ತೋಟಕ್ಕೋಗೈತೆ ಅಂತಾವ್ರೆ."

ಚಲುವಮ್ಮ ಲೆಕ್ಕ ಹಾಕಿದಳು. ಮೂರು ತಿಂಗಳು! ಬೆರಳು ಮಡಿಸುವ ಹುಡುಗಿಯನ್ನು ಕಂಡಿದ್ದಳು, ಚೀಲದೊಳಗಿನ ಕೋಳಿಯನ್ನೂ ಕಂಡಿದ್ದಳು. ಕೊನೆಯ ಸೀಟಿನ ಈ ಮುಖ ಒಂದು ದಿನವೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನರೆತ ತಲೆ ಕಂಡರೆ ಅವಳ ನೋಟವೂ ಸಹನಳ ಪೊರಕೆಯಂತೆ ಸುತ್ತು ಹಾಕಿಕೊಂಡು ಮುಂದೆ ಹೋಗುತ್ತಿತ್ತು.

"ನನ್ ಕಣ್ಣಿಗಿಷ್ಟು ಬೆಂಕಿ ಆಕ. ನಾನೂ ಅವ್ರಂಗೇ ಆದ್ನಲ್ಲವ್ವ" ಎಂದಳು.

"ಓಗ್ಲಿ ಬುಡಿ. ಈಗ ನೋಡುದ್ರಲ್ಲ. ಮೇಷ್ಟ್ರು ಎಂಗವ್ರೆ?"

"ಮೇಷ್ಟ್ರೂ ಇಲ್ಲ, ಗೀಷ್ಟ್ರೂ ಇಲ್ಲ. ನಮ್ಮೆಜಮಾನ್ರು ಕಬ್ಬು ಬೆಳೀತಿದ್ರು. ಬಲೇ ಸಾಧು. ಓಗಿ ಆರು ವರ್ಷ ಆಯ್ತು."

"ಥತ್, ಕತೆಯೆಲ್ಲ ಕೆಡಿಸ್ಬುಟ್ರಿ!"

ಇಬ್ಬರೂ ಬೊಚ್ಚುಬಾಯಿ ತೆರೆದು ನಕ್ಕರು. ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿತು. ನೀರು ಹಿಡಿದು ಓಡಿಬಂದ ಶಂಕರನಿಗೆ ಏನಾಯಿತೆಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ದೊಡ್ಡತಾಯಮ್ಮ ಸ್ಟಾಪಿನ ತನಕ ಬಂದಳು. "ನಾಳೆ ನಾನು ಇಲ್ಲಿ ಅತ್ತೋ ಒತ್ಗೆ ಕೊನೇ ಸೀಟಲ್ಲಿ ಜಾಗ ಇಡ್ದಿರ್ಬೇಕು" ಎಂದು ಅಪ್ಪಣೆ ಮಾಡಿದಳು. ಚಲುವಮ್ಮ ಒಪ್ಪಿ ಬಸ್ಸು ಹತ್ತಿದಳು.

ಬಸ್ಸು ಬಹುಪಾಲು ತುಂಬಿತ್ತು. ಎಡಗಡೆಯ ಮೂರನೇ ಸೀಟು ಖಾಲಿಯೇ ಇತ್ತು. ಅವಳು ಅದನ್ನು ದಾಟಿ ಹಿಂದಕ್ಕೆ ನಡೆದಳು. ಅಲ್ಲಿ, ಎಂಜಿನ್ ಎಣ್ಣೆಯ ಡಬ್ಬದ ಪಕ್ಕ, ಒಬ್ಬ ಮುದುಕಪ್ಪ ತೊಡೆಯ ಮೇಲೆ ದೊಡ್ಡದೊಂದು ಗೋಡೆ ಗಡಿಯಾರ ತಬ್ಬಿಕೊಂಡು ಕೂತಿದ್ದ. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಚಲುವಮ್ಮ ಅವನ ಪಕ್ಕದಲ್ಲಿ ಕೂತು, ಅವನ ಮುಖ ನೋಡಿದಳು.

"ರಿಪೇರಿಗೇನಣ್ಣ?"

ಅವನು ಮೊದಲು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬಸ್ಸಿನ ಗಾಜು ಬಿಟ್ಟರೆ ಏನೂ ಇರಲಿಲ್ಲ.

"ನನ್ನ ಕೇಳುದ್ರಾ?"

"ನಿಮ್ಮನ್ನೇ ಕಣಣ್ಣ."

ಮುದುಕಪ್ಪ ಗಂಟಲು ಸರಿಮಾಡಿಕೊಂಡ. ಗಡಿಯಾರವನ್ನು ಅವಳಿಗೆ ಕಾಣುವ ಹಾಗೆ ತಿರುಗಿಸಿ ಇಟ್ಟುಕೊಂಡ. "ಇದೊಂದು ದೊಡ್ ಕತೆ ಕಣವ್ವ" ಎಂದು ಶುರು ಮಾಡಿದವನು ಪಾಲಹಳ್ಳಿ ದಾಟಿದರೂ ನಿಲ್ಲಿಸಲಿಲ್ಲ, ಪಟ್ಟಣ ಬಂದರೂ ನಿಲ್ಲಿಸಲಿಲ್ಲ. ಕಂಡಕ್ಟರು ಬಂದು, "ಯಜಮಾನ್ರೇ, ಇಳೀರಿ, ಬಸ್ಸು ಇಲ್ಲಿಗೇ ಕೊನೆ" ಅಂದಾಗ ಚಲುವಮ್ಮ ಅವನನ್ನೇ ಗದರಿದಳು: "ಇರಪ್ಪ ಒಸಿ, ಅವ್ರ ಎಂಡ್ರು ಆ ಗಡಿಯಾರನ ಬಾವಿಗೆ ಎಸ್ದವ್ರೆ, ಮೇಲಕ್ಕೆ ಎತ್ತೋಗಂಟ ನಾವು ಇಳಿಯಾಕಿಲ್ಲ!"