ನಲ್ಲಿ ಓಣಿಯ ಸೊಟ್ಟ ಗೆರೆ

ಜನಗಣತಿ ಎಂದರೆ ದೇಶವನ್ನು ತುಂಡು ಮಾಡುತ್ತಾ ಹೋಗುವುದು. ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಕೊನೆಗೆ ಒಬ್ಬ ಮೇಷ್ಟ್ರು ನಡೆದು ಮುಗಿಸಬಹುದಾದಷ್ಟು ಒಂದು ಬ್ಲಾಕು. ಬಸವಾಪಟ್ಟಣದಲ್ಲಿ ಅಂಥದೊಂದು ತುಂಡು ಯಾಸ್ಮೀನ್ ಟೀಚರ್ ಪಾಲಿಗೆ ಬಂದಿತ್ತು. ಪಕ್ಕದ್ದು ಕೆಂಚೇಶ್ ಮೇಷ್ಟ್ರದ್ದು. ನಡುವಿನ ಗಡಿ ನಲ್ಲಿ ಓಣಿ. ಅದರ ಈ ಬದಿಯ ಮನೆಗಳೆಲ್ಲ ಅವಳವು.

ಈ ಬದಿಯ ಕೊನೆಯ ಮನೆ ಅವಳ ಖಾಲಾ, ಅಂದರೆ ತಾಯಿಯ ತಂಗಿ, ಖಮರುನ್ನೀಸಾಳದು. ಬ್ಲೌಸ್ ಹೊಲಿಯುವ ಹೆಂಗಸು. ಬಾಯಿ ಕತ್ತರಿಗಿಂತ ಹರಿತ. ಯಾಸ್ಮೀನಳ ಮದುವೆಯಲ್ಲಿ ನಾಲ್ಕು ಜನರ ಮುಂದೆ, "ಈ ಬಿರಿಯಾನೀಲಿ ಮಾಂಸ ಹುಡುಕಾಕೆ ಟಾರ್ಚ್ ಬೇಕು" ಅಂದುಬಿಟ್ಟಿದ್ದಳು. ಅಂದಿನಿಂದ ಮಾತಿಲ್ಲ. ನಕ್ಷೆ ಬರೆಯುವಾಗ ಯಾಸ್ಮೀನಳ ಕೈ ಆ ಮನೆಯ ಹತ್ತಿರ ಸ್ವಲ್ಪ ವಾಲಿತು, ಗೆರೆ ಮನೆಯ ಹಿಂದಿನಿಂದ ಹೋಯಿತು. ಮೇಷ್ಟ್ರೇ ಹೋಗಿ ಬರೆದುಕೊಳ್ಳಲಿ, ನನಗೇನು ಅಂದುಕೊಂಡಳು.

ಕೊನೆಯ ದಿನ ಇಬ್ಬರೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರು. ಮೇಷ್ಟ್ರ ಗೆರೆ ಓಣಿಯ ಉದ್ದಕ್ಕೂ ನೆಟ್ಟಗಿತ್ತು.

"ಟೀಚರೇ, ಈ ಮೂಲೆ ಮನೆ ನಿಮ್ದಲ್ಲೇನ್ರೀ? ನಾನು ಓಣಿ ದಾಟೇ ಇಲ್ಲ."

ಯಾಸ್ಮೀನ್ ಎರಡೂ ಗೆರೆಗಳನ್ನು ಮತ್ತೊಮ್ಮೆ ನೋಡಿದಳು. ಬಿರಿಯಾನಿಯ ಸಿಟ್ಟಿಗೆ ಒಂದು ಮನೆಯನ್ನೇ ದೇಶದಿಂದ ಆಚೆ ಹಾಕಿದ್ದಳು! "ನಂದೇ ಸರ್, ಬಿಟ್ಟೋಗೈತೆ" ಎಂದು ಎದ್ದಳು. ಬಿಟ್ಟುಹೋದದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಖಾಲಾ ಮನೆಯ ಬಾಗಿಲ ಮೇಲೆ ಆಗಲೇ ಗಣತಿಯ ನಂಬರ್ ಇತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದ 41. ಅದು ಪಕ್ಕದ ಕಸ್ತೂರಮ್ಮನ ಮನೆಗೆ ಯಾಸ್ಮೀನಳೇ ಕೊಟ್ಟಿದ್ದ ನಂಬರ್.

"ಇದನ್ಯಾರು ಬರೆದಿದ್ದು, ಖಾಲಾ?"

ಖಾಲಾ ಮಿಷನ್ನಿನಿಂದ ಕಣ್ಣೆತ್ತಲಿಲ್ಲ. "ನಾನೇ. ಎಲ್ಲರ ಮನೆಗೂ ಬಂದ ನಿಮ್ಮ ಹುಡುಗಿ ನಿಮ್ಮನೆಗೇ ಯಾಕೆ ಬರಲಿಲ್ಲ ಅಂತ ಓಣಿಯೋರು ಕೇಳಾಕೆ ಹತ್ತಿದ್ರು. ನಮ್ಮ ಮಗು ಹೆಸರು ಕೆಡಬಾರದಲ್ಲ? ಬಂದಿದ್ಲು, ಬರಕೊಂಡು ಚಾ ಕುಡಿದು ಹೋದ್ಲು ಅಂದೆ. ನಂಬಲಿ ಅಂತ ಕಸ್ತೂರಮ್ಮನ ಬಾಗಿಲು ನೋಡಿ ಹಂಗೇ ಬರೆದೆ. ತಪ್ಪೈತಾ?"

"ತಪ್ಪು ನಂದು, ಖಾಲಾ."

ಯಾಸ್ಮೀನ್ ದುಪಟ್ಟಾದ ತುದಿಯಿಂದ ಅದನ್ನು ಒರೆಸಿ 42 ಎಂದು ಬರೆದಳು. ಅಂಕಿ ಸೊಟ್ಟಗಾಯಿತು. ಕಣ್ಣು ತುಂಬಿದ್ದನ್ನು ಖಾಲಾ ನೋಡಿಯೂ ನೋಡದವಳಂತೆ ಎದ್ದು ಹೋಗಿ ಒಲೆ ಹಚ್ಚಿದಳು.

"ಒಳಗೆ ಬಾ," ಅಲ್ಲಿಂದಲೇ ಕೂಗಿದಳು. "ಚಾ ಕುಡಿ. ನಾನು ಓಣಿಯೋರಿಗೆ ಸುಳ್ಳು ಹೇಳಿದಂಗೆ ಆಗಬಾರದು."