ಕೈ ತೊಳೆಯುವ ಮನೆಯ ಗಾಜು

ಗಂಗಾವತಿಯಿಂದ ಶ್ರೀರಾಮನಗರಕ್ಕೆ ಹೋಗುವ ರಸ್ತೆಯಲ್ಲಿ ವಿರೂಪಾಕ್ಷಮ್ಮ ಕಟ್ಟಿಸಿದ ಕಲ್ಯಾಣ ಮಂಟಪಕ್ಕೆ ಕಲ್ಲು, ಬಣ್ಣ, ದೀಪ, ಕುರ್ಚಿ ಎಲ್ಲವನ್ನೂ ಆರಿಸಿದವನು ಆಕೆಯ ಮಗ ಪ್ರಭುರಾಜ. ಸೊಸೆ ಮಲ್ಲೇಶ್ವರಿಯ ಪಾಲಿಗೆ ಉಳಿದದ್ದು ಕೈ ತೊಳೆಯುವ ಮನೆಗೆ ಹಾಕುವ ಸೋಪಿನ ಬಾಟಲಿ. ನಗಬೇಡಿ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಆಕೆಯನ್ನು ಒಂದು ಮಾತು ಕೇಳಿ ಏನನ್ನೂ ಮಾಡಿರಲಿಲ್ಲ. ಬೇವೂರಿನ ಹುಡುಗಿ, ಕೊಪ್ಪಳದಲ್ಲಿ ಬಿ.ಕಾಂ. ಓದಿದವಳು. ಇಲ್ಲಿ ಮನೆಯವರ ಅಕ್ಕಿ ಗಿರಣಿಯ ಲೆಕ್ಕವನ್ನು ಗುಮಾಸ್ತ ಬರೆಯುತ್ತಿದ್ದ, ಈಕೆ ಅವನಿಗೆ ಚಹಾ ಕಳಿಸುತ್ತಿದ್ದಳು.

ಮಂಟಪ ನಡೆಸುವ ಕೆಲಸವಾದರೂ ತನಗೆ ಸಿಗಲಿ ಎಂಬುದು ಆಕೆಯ ಆಸೆ. ಒಂದು ದಿನ ಊಟದ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿದಳು. ಪ್ರಭುರಾಜ ನಕ್ಕ. ಮೊದಲು ಸೋಪಿನ ಬಾಟಲಿ ಆರಿಸು, ಆಮೇಲೆ ಮಂಟಪ ನಡೆಸುವಿಯಂತೆ ಎಂದ. ಅವನು ಅಂದದ್ದು ಚೇಷ್ಟೆಗೆ. ಆದರೆ ಗಂಡ ಸತ್ತ ಮೇಲೆ ಗಿರಣಿಯನ್ನೂ ಲಾರಿಯವರನ್ನೂ ಒಬ್ಬಳೇ ಸಂಭಾಳಿಸಿದ ವಿರೂಪಾಕ್ಷಮ್ಮನಿಗೆ ವ್ಯವಹಾರದಲ್ಲಿ ಚೇಷ್ಟೆ ಸೇರುತ್ತಿರಲಿಲ್ಲ.

“ಆತು, ಆಕಿನ ಆರಸಲಿ,” ಎಂದಳು ಆಕೆ. “ಛಲೋ ಆರಿಸಿದ್ಲಂದ್ರ ಮಂಟಪದ ಕೀಲಿ ಆಕಿ ಕೈಯಾಗ ಕೊಡತೀನಿ. ಇಲ್ಲಂದ್ರ ಈ ಮಾತು ಮತ್ತ ಎತ್ತಬಾರದು.”

ವಿರೂಪಾಕ್ಷಮ್ಮ ಆಡಿದ ಮಾತು ಕಲ್ಲಿನ ಮೇಲಿನ ಗೀಟು.

ಮರುದಿನವೇ ಫಕ್ರುದ್ದೀನನ ಬಾತ್‌ರೂಮ್ ಸಾಮಾನಿನ ಅಂಗಡಿಗೆ ಹೋದಳು. ಅವನು ಮೊದಲು ಪ್ಲಾಸ್ಟಿಕ್ಕಿನದು ತೋರಿಸಿದ. ನಾಲ್ಕು ಮದುವೆ ಮುಗಿಯುವುದರೊಳಗೆ ಹಳದಿಯಾಗುವ ಮಾಲು ಅದು, ಆಕೆ ಕೈಯಲ್ಲೂ ಹಿಡಿಯಲಿಲ್ಲ. ಆಮೇಲೆ ಸ್ಟೀಲಿನ ಡಬ್ಬಿ ಬಂತು. ಹೊರಗಿನಿಂದ ಮುಖ ನೋಡಿಕೊಳ್ಳುವಷ್ಟು ಹೊಳಪು. ರಿಪೇರಿಗೆ ಬಂದಿದ್ದ ಅಂಥದ್ದೇ ಒಂದು ಡಬ್ಬಿ ಮೂಲೆಯಲ್ಲಿತ್ತು. ಅದರ ಮುಚ್ಚಳ ತೆಗೆದು ಮೂಸಿದಳು. ಒಳಗೆ ಹಳೆಯ ಸೋಪು ಕೊಳೆತು ಲೋಳೆಗಟ್ಟಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಕೊನೆಗೆ ಅವನು ಗಾಜಿನದು ಇಳಿಸಿದ. ದಪ್ಪ ತಳ, ಸ್ಟೀಲಿನ ಪಂಪು, ಗೋಡೆಗೆ ಬಡಿದ ಸ್ಟೀಲಿನ ಬಳೆಯೊಳಗೆ ಕೂರುವಂಥದ್ದು. ಸೋಪು ಎಷ್ಟಿದೆ, ಯಾವ ಬಣ್ಣದ್ದಿದೆ, ಕೆಲಸದವರು ನೀರು ಬೆರೆಸಿದ್ದಾರೋ ಇಲ್ಲವೋ, ಎಲ್ಲ ದೂರದಿಂದಲೇ ಕಾಣುತ್ತದೆ. ಆಕೆಯ ಕಣ್ಣು ಅಲ್ಲೇ ನಿಂತಿತು.

ನಮ್ಮ ಬೋರಿನ ಉಪ್ಪು ನೀರಿಗೆ ಪಂಪಿನ ಸ್ಪ್ರಿಂಗು ತುಕ್ಕು ಹಿಡಿಯುವುದಿಲ್ಲವೇ, ಗಾಜಿನ ಮೇಲೆ ಬಿಳಿ ಕಲೆ ಕೂತರೆ ನಿಂಬೆಹಣ್ಣು ತಿಕ್ಕಿದರೆ ಹೋಗುತ್ತದೆಯೇ, ಹುಡುಗರು ಜೋತುಬಿದ್ದರೆ ಬಳೆ ತಡೆಯುತ್ತದೆಯೇ ಎಂದು ಕೇಳಿದಳು. ಒಂದರಲ್ಲಿ ನೀರು ತುಂಬಿಸಿ, ಕೈ ಸೋಲುವ ತನಕ ಪಂಪು ಒತ್ತಿದಳು.

“ಅಕ್ಕಾರ, ನೀವು ಬಾಟ್ಲಿ ಆರಸಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?” ಎಂದು ಫಕ್ರುದ್ದೀನ ನಕ್ಕ. ಬಳೆಯೊಳಗೆ ಕೂತ ಬಾಟಲಿ ಗೋಡೆ ಬಿದ್ದರೂ ಬೀಳುವುದಿಲ್ಲವೆಂದು ಭರವಸೆ ಕೊಟ್ಟ. ಅವನು ಹೇಳಿದ್ದು ನಿಜವೇ. ಆದರೆ ಸೋಪು ತುಂಬಿಸಬೇಕಾದರೆ ಬಾಟಲಿಯನ್ನು ಬಳೆಯಿಂದ ಹೊರಗೆ ತೆಗೆಯಲೇಬೇಕು, ತೆಗೆದವರ ಕೈ ಸೋಪಿನ ಕೈಯಾಗಿರುತ್ತದೆ. ಇದು ಅವನ ಬಾಯಿಗೂ ಬರಲಿಲ್ಲ, ಆಕೆಯ ತಲೆಗೂ ಹೊಳೆಯಲಿಲ್ಲ.

ಇನ್ನೊಂದು ಮಾತಿದೆ. ಆ ಮಂಟಪದಲ್ಲಿ ಊಟದ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಅಕ್ಕಿಯಿಂದ ಮೇಲೆ ಬಂದ ಮನೆತನ, ಅನ್ನವಿರುವ ಕಡೆ ಚಪ್ಪಲಿ ಸಲ್ಲದು ಎಂಬುದು ವಿರೂಪಾಕ್ಷಮ್ಮನ ಕಟ್ಟಪ್ಪಣೆ. ಕೈ ತೊಳೆಯುವ ಮನೆ ಊಟದ ಮನೆಗೆ ಅಂಟಿಕೊಂಡೇ ಇತ್ತು, ಹಾಗಾಗಿ ಅಲ್ಲಿಯೂ ಎಲ್ಲರದ್ದೂ ಬರಿಗಾಲು. ಗಾಜು, ಒದ್ದೆ ನೆಲ, ಬರಿಗಾಲು. ಈ ಮೂರನ್ನೂ ಒಂದು ಕಡೆ ಇಟ್ಟು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಈಗ ಕೇಳಿದರೆ ಬೀಗರು ಬಿಜ್ಜರೆಲ್ಲ ತಮಗೆ ಅವತ್ತೇ ಅನ್ನಿಸಿತ್ತು ಎನ್ನುತ್ತಾರೆ. ಶುದ್ಧ ಸುಳ್ಳು. ಅನ್ನಿಸಿದ್ದರೆ ಬಾಯಿಗೆ ಬೀಗ ಹಾಕಿಕೊಂಡಿದ್ದರೇನು?

ಪ್ರಭುರಾಜ ಮಾತ್ರ ಗಾಜು ಬೇಡವೆಂದ. ಅದೂ ಕಾಲಿನ ಚಿಂತೆಯಿಂದಲ್ಲ. ಬಾಟಲಿ ಕಂಡ ದಿನದಿಂದ ಅವನಿಗೆ ಅದೊಂದು ತಮಾಷೆಯಾಯಿತು. ಮದುವೆ ಮನೆಗೆ ಅತ್ತರಿನ ಅಂಗಡಿ ತಂದಿದ್ದಾಳೆ, ಮೊದಲ ಮದುವೆಯಲ್ಲೇ ಒಂದು ಒಡೆಯುತ್ತದೆ ನೋಡುತ್ತಿರಿ ಎಂದು ಬಂದವರ ಮುಂದೆಲ್ಲ ಹೇಳಿದ. ಮಲ್ಲೇಶ್ವರಿ ನಗುತ್ತಲೇ ಕೇಳಿಸಿಕೊಂಡಳು. ಒಳಗೊಳಗೆ ಉರಿದುಹೋದಳು. ವಿರೂಪಾಕ್ಷಮ್ಮ ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಇರಲಿ ಎಂದಳು. ಅಷ್ಟರ ಮೇಲೆ ಆ ಮನೆಯಲ್ಲಿ ಮಾತಿಲ್ಲ.

ಮೊದಲ ಮದುವೆ ಮರಳಿ ಎಂಬ ಊರಿನವರದು. ಅವತ್ತು ಮುಂಜಾನೆ ಮಲ್ಲೇಶ್ವರಿ ಎಲ್ಲರಿಗಿಂತ ಮುಂಚೆ ಬಂದು, ಯಾರ ಕೈಗೂ ಕೊಡದೆ ತಾನೇ ಸೋಪು ತುಂಬಿಸಲು ನಿಂತಳು. ಮಲ್ಲಿಗೆ ವಾಸನೆಯ ಹಸಿರು ಸೋಪು. ತುಂಬಿದ ಬಾಟಲಿಗಳು ಬೇಸಿನ್ನುಗಳ ಮೇಲೆ ಸಾಲಾಗಿ ಹೊಳೆಯುವುದನ್ನು ಕಂಡು ಆಕೆಗೆ ಹಬ್ಬದಷ್ಟು ಸಂತೋಷವಾಯಿತು. ಕಡೆಯದನ್ನು ಬಳೆಗೆ ಇಳಿಸುವಾಗ ಅದು ಅಂಗೈಯಿಂದ ಜಾರಿತು.

ಗ್ರಾನೈಟಿನ ಮೇಲೆ ಬಿದ್ದ ಗಾಜು ನುಚ್ಚಕ್ಕಿಯಂತೆ ಚೆಲ್ಲಾಪಿಲ್ಲಿಯಾಯಿತು, ಮೇಲೆ ಸೋಪು ಹರಡಿತು. ಸೋಪಿನೊಳಗೆ ಎಲ್ಲಿ ಗಾಜಿದೆ, ಎಲ್ಲಿ ಇಲ್ಲ, ತಿಳಿಯುವಂತಿರಲಿಲ್ಲ. ಕಸಗುಡಿಸುವ ನಾಹೀದಾ ಆಚೆ ಹೆಂಗಸರ ಪಾಯಖಾನೆ ತೊಳೆಯುತ್ತಿದ್ದಳು. ಕೂಗಿದರೆ ಬರುತ್ತಿದ್ದಳು. ಇಬ್ಬರೂ ಕೂಡಿ ಮೂಲೆ ಮೂಲೆ ಹುಡುಕಬಹುದಿತ್ತು. ಆದರೆ ನಾಹೀದಾ ಬಂದರೆ ಸುದ್ದಿಯೂ ಬರುತ್ತದೆ. ಕೆಳಗೆ ಪೆಂಡಾಲಿನವರ ಜೊತೆ ನಿಂತಿದ್ದ ಪ್ರಭುರಾಜನ ತನಕ ಹೋಗುತ್ತದೆ, ಅಲ್ಲಿಂದ ಮರಳಿಯ ಬೀಗರ ತನಕ. ಮಲ್ಲೇಶ್ವರಿಗೆ ಹೆದರಿಕೆಯಾಯಿತು. ಗಾಜಿನ ಹೆದರಿಕೆ ಅಲ್ಲ, ಗಂಡನ ನಗುವಿನ ಹೆದರಿಕೆ.

ಕಸಬರಿಗೆ ತಂದು ಬಳಿದಳು. ಕೊಡಗಟ್ಟಲೆ ನೀರು ಸುರಿದಳು, ಮತ್ತೆ ಬಳಿದಳು. ಸಿಕ್ಕ ಗಾಜನ್ನು ಕಾಗದದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ತುರುಕಿದಳು. ಫಕ್ರುದ್ದೀನ ಹೆಚ್ಚಿಗೆ ಕೊಟ್ಟಿದ್ದ ಬಾಟಲಿಯನ್ನು ತುಂಬಿಸಿ ಖಾಲಿ ಬಳೆಗೆ ಇಟ್ಟಳು. ಕಣ್ಣಿಗೆ ಎಲ್ಲ ಮೊದಲಿನಂತೆಯೇ ಇತ್ತು.

ಅಕ್ಷತೆ ಬಿತ್ತು. ಗದ್ದಲ ತುಸು ಇಳಿದಾಗ ವಿರೂಪಾಕ್ಷಮ್ಮ ಸೊಸೆಯನ್ನು ಬೀಗರ ನಡುವೆ ಕರೆದು, ಮಂಟಪದ ಕೀಲಿಯ ಗೊಂಚಲನ್ನು ತಾನೇ ಆಕೆಯ ಸೊಂಟಕ್ಕೆ ಸಿಕ್ಕಿಸಿದಳು. ಇನ್ನು ಮುಂದೆ ಯಾರಿಗೆ ಮಂಟಪ ಬೇಕಾದರೂ ನಮ್ಮ ಮಲ್ಲೇಶ್ವರಿಯನ್ನು ಕೇಳಿ ಎಂದಳು. ಪ್ರಭುರಾಜನೂ ಚಪ್ಪಾಳೆ ತಟ್ಟಿದ. ಇದಕ್ಕಾಗಿ ಎಷ್ಟು ವರ್ಷ ಕಾದಿದ್ದಳು. ಈಗ ಕೀಲಿಯ ಭಾರಕ್ಕೆ ಸೀರೆ ಜಗ್ಗುತ್ತಿತ್ತು, ಎದೆಯೂ ಜಗ್ಗುತ್ತಿತ್ತು. ಅತ್ತೆಯ ಕಿವಿಯಲ್ಲಿ ಹೇಳಿಬಿಡಲೇ ಎಂದುಕೊಂಡಳು. ಊಟವೊಂದು ಸುಸೂತ್ರ ಮುಗಿಯಲಿ, ಸಂಜೆಗೆ ಹೇಳಿದರಾಯಿತು ಎಂದು ಸುಮ್ಮನಾದಳು. ಅತ್ತೆ ಊಟದ ಮನೆ ನೋಡಿಬರುತ್ತೇನೆಂದು ಹೋದಳು.

ಮೊದಲ ಪಂಕ್ತಿಗೆ ಎಲೆ ಹಾಕಿದಾಗ ಮಲ್ಲೇಶ್ವರಿಯೂ ಒಳಗೆ ಬಂದಳು. ನೆಲದ ಮೇಲೆ ಅಲ್ಲಲ್ಲಿ ಕೆಂಪು ಗುರುತುಗಳಿದ್ದವು. ಬಡಿಸುವವರು ಅವನ್ನು ದಾಟಿಕೊಂಡು ಓಡಾಡುತ್ತಿದ್ದರು, ಮಕ್ಕಳು ತುಳಿದಾಡುತ್ತಿದ್ದವು, ಯಾರೂ ಬಗ್ಗಿ ನೋಡಿರಲಿಲ್ಲ. ಮದುವೆ ಮನೆಯಲ್ಲಿ ನೆಲದ ಮೇಲೆ ಕೆಂಪು ಕಂಡರೆ ಯಾರು ತಾನೆ ಬೆಚ್ಚುತ್ತಾರೆ? ನಾಹೀದಾ ಒಂದು ತುದಿಯಿಂದ ಬಟ್ಟೆ ಹಿಡಿದು ಒರೆಸುತ್ತ ಬರುತ್ತಿದ್ದಳು.

“ಆರತಿ ನೀರು ಚೆಲ್ಲ್ಯಾರ ನೋಡ್ರಿ ಅಕ್ಕಾರ,” ಎಂದಳು.

ಆರತಿ ನೀರು ತುಳಿದವರ ಎರಡೂ ಪಾದ ಮೂಡಬೇಕು. ಇಲ್ಲಿ ಮೂಡಿದ್ದು ಬರೀ ಬಲಗಾಲು. ಗುರುತು ಶುರುವಾಗಿದ್ದು ಕೈ ತೊಳೆಯುವ ಮನೆಯ ಹೊಸ್ತಿಲಿನಿಂದ. ಅದನ್ನೇ ಹಿಡಿದು ಎಲೆಗಳ ಸಾಲು ದಾಟಿ ಹೋದರೆ ಅದು ನಿಂತದ್ದು ಊಟದ ಮನೆಯ ಬಾಗಿಲಲ್ಲಿ. ಅಲ್ಲಿ ವಿರೂಪಾಕ್ಷಮ್ಮ ಕೈಮುಗಿದುಕೊಂಡು, ಬರ್ರಿ, ಕುಂದರ್ರಿ ಎಂದು ಮಂದಿಯನ್ನು ಕರೆಯುತ್ತಿದ್ದಳು. ಆಕೆಯ ಸೀರೆಯ ಅಂಚು ನೆನೆದು ಕಪ್ಪಾಗಿತ್ತು.

“ಅತ್ತಿ, ಕಾಲು ಎತ್ತರಿ.”

“ಯಾಕ, ಏನಾತು?”

ಎತ್ತಿದ ಪಾದದಲ್ಲಿ, ಹೆಬ್ಬೆರಳಿನ ಬುಡಕ್ಕೆ ಗಾಜು ಇಳಿದಿತ್ತು. ವಿರೂಪಾಕ್ಷಮ್ಮ ಅದನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡಿದಳು. ಮುಖದಲ್ಲಿ ನೋವಿನ ಸುಳಿವಿರಲಿಲ್ಲ, ಬರೀ ಆಶ್ಚರ್ಯವಿತ್ತು.

ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಗಾಜು ತೆಗೆದು, ಗಾಯ ತೊಳೆದು, ಆಕೆಯ ಕಣ್ಣು ಮುಚ್ಚಿಸಿದರು. ತೆಳುವಾದ ತಂತಿಯಿಂದ ಎರಡೂ ಅಂಗಾಲುಗಳನ್ನು ಒಂದೊಂದು ಕಡೆ ಮುಟ್ಟುತ್ತ, ತಿಳಿದಾಗ ಹೂಂ ಅನ್ನಿ ಎಂದರು. ವಿರೂಪಾಕ್ಷಮ್ಮ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು, ಹೂಂ ಎನ್ನಲಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಕಾಲು ಜೋಮು ಹಿಡಿಯುತ್ತದೆ ಎಂದು ಆಗಾಗ ಅಂದಿದ್ದಳಂತೆ, ವಯಸ್ಸಾದ ಮೇಲೆ ಎಲ್ಲರಿಗೂ ಇದ್ದದ್ದೇ ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹೊಲಸು ನೀರು ಗಾಯದೊಳಗೆ ಹೋಗಿದೆ, ಬೆರಳು ಉಳಿಯುತ್ತದೋ, ಪಾದವೇ ಉಳಿಯುತ್ತದೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

ಹೊರಗೆ ಪ್ರಭುರಾಜ ಫೋನಿನಲ್ಲಿ ಸಿಟ್ಟಿನಿಂದ ಮಾತಾಡುತ್ತಿದ್ದ. ನೆಲ ನೋಡಿಕೊಳ್ಳುವುದು ನಾಹೀದಾಳ ಕೆಲಸ, ಆಕೆಯನ್ನು ಈಗಿಂದೀಗಲೇ ಮನೆಗೆ ಕಳಿಸು ಎಂದು ಮಂಟಪದ ಮೇಸ್ತ್ರಿಗೆ ಹೇಳುತ್ತಿದ್ದ. ಮಲ್ಲೇಶ್ವರಿ ಒಂದು ಗಳಿಗೆ ನಿಂತಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಕೀಲಿಯೂ ಸೊಂಟದಲ್ಲೇ ಉಳಿಯುತ್ತಿತ್ತು. ಆಕೆ ಹೋಗಿ ಫೋನು ಕಸಿದುಕೊಂಡಳು.

“ನಾಹೀದಾಂದು ಏನೂ ತಪ್ಪಿಲ್ರಿ. ಬಾಟ್ಲಿ ನನ್ನ ಕೈಯಾಗಿಂದ ಬಿತ್ತು. ಮುಂಜಾನೆನ ಬಿತ್ತು. ನಾ ಯಾರಿಗೂ ಹೇಳಲಿಲ್ಲ.”

ಪ್ರಭುರಾಜ ಬೈಯಲಿಲ್ಲ. ಗೋಡೆಗಿದ್ದ ಬೆಂಚಿನ ಮೇಲೆ ಕುಸಿದು ಕೂತ. “ಹೇಳಿದ್ರ ಏನಾಕ್ಕಿತ್ತು?” ಎಂದ.

“ನೀವು ನಗತಿದ್ರಿ.”

ಅದು ಸುಳ್ಳೆಂದು ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಸಂಜೆ ವಾರ್ಡಿನಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಬಲಗಾಲಿಗೆ ದಪ್ಪ ಪಟ್ಟಿ ಸುತ್ತಿ ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ಮಲ್ಲೇಶ್ವರಿ ಕೀಲಿಯ ಗೊಂಚಲು ಬಿಚ್ಚಿ ಅತ್ತೆಯ ತಲೆದಿಂಬಿನ ಬದಿಗೆ ಇಟ್ಟು, ಮುಂಜಾನೆ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಬೈಗುಳ ಬಂದರೆ ಬರಲಿ, ಹಗುರಾಗುತ್ತದೆ ಎಂದು ತಲೆತಗ್ಗಿಸಿ ಕಾದಳು. ವಿರೂಪಾಕ್ಷಮ್ಮ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು.

“ನೀ ಗಾಜು ಬಳಿಯೂದು ನಾ ಬಾಗಲದಾಗ ನಿಂತು ನೋಡೀನಿ,” ಎಂದಳು. “ನನ್ನ ನೋಡಿದ್ರ ನಿನ್ನ ಮಾರಿ ಸಣ್ಣದಾಕ್ಕತಿ ಅಂತ ಹಂಗ ಹಿಂದಕ್ಕ ಹ್ವಾದೆ.”

ಮಲ್ಲೇಶ್ವರಿ ತಗ್ಗಿಸಿದ ತಲೆ ಎತ್ತಿದಳು. ಗೊತ್ತಿದ್ದೂ ಕೀಲಿ ಕೊಟ್ಟಿದ್ದಳು ಈ ಹೆಂಗಸು.

“ಆದ್ರೂ ಜೀವ ತಡೀಲಿಲ್ಲ. ಮಂದಿ ಉಣ್ಣಾಕ ಕುಂದ್ರೂ ಮೊದಲ ಒಬ್ಬಾಕಿನ ಒಳಗ ಹ್ವಾದೆ. ಬೇಸಿನ್ ಬುಡಕ, ಮೂಲಿಗೆ, ಎಲ್ಲಾ ಕಡೆ ಅಂಗಾಲು ಸವರಿ ನೋಡಿದೆ. ಎಲ್ಲೂ ಏನೂ ಚುಚ್ಚಲಿಲ್ಲ. ನನ್ನ ಸೊಸಿ ಛಲೋ ಬಳದಾಳ, ಇನ್ನ ಚಿಂತಿಲ್ಲ ಅಂದ್ಕೊಂಡೆ.”

ಮಲ್ಲೇಶ್ವರಿ ಅಳುತ್ತ ಮಂಚದ ತುದಿಗೆ ಬಗ್ಗಿ, ಪಟ್ಟಿ ಇಲ್ಲದ ಎಡಗಾಲನ್ನು ಎರಡೂ ಕೈಯಿಂದ ಹಿಡಿದು ಹಣೆ ಹಚ್ಚಿದಳು. ವಿರೂಪಾಕ್ಷಮ್ಮ ಕಿಟಕಿಯ ಕಡೆಯೇ ನೋಡುತ್ತಿದ್ದಳು. ತನ್ನ ಕಾಲನ್ನು ಯಾರೋ ಹಿಡಿದಿದ್ದಾರೆಂದು ಆಕೆಗೆ ತಿಳಿಯಲಿಲ್ಲ.